ಹಳೆಯ ಗೃಹವಸ್ತುಗಳ ಕಾಲನಿರ್ಣಯ ಮತ್ತು ಮೌಲ್ಯನಿರ್ಣಯ: ಹುಬ್ಬಳ್ಳಿ-ಧಾರವಾಡ ಪರಿಸರವನ್ನು ಅನುಲಕ್ಷಿಸಿ

ಜಾನಪದ ಅಧ್ಯಯನದಲ್ಲಿ ಮೌಖಿಕ ಪರಂಪರೆಗೆ ದೊರೆತಷ್ಟು ಗಮನ ವಸ್ತು ಸಂಸ್ಕೃತಿಗೆ ದೊರೆತಿಲ್ಲವೆಂಬುದು ಹೊಸ ಮಾತೇನಲ್ಲ. ಒಂದು ಬೀಸುವ ಪದವನ್ನು ಸಂಗ್ರಹಿಸುವಾಗ ಹಾಡಿದವರು ಯಾರು, ಯಾವ ಊರಿನವರು, ಯಾರಿಂದ ಕಲಿತರು ಎಂಬುದನ್ನು ಬರೆದುಕೊಳ್ಳುವ ಶಿಸ್ತು ನಮ್ಮ ಕ್ಷೇತ್ರಕಾರ್ಯದಲ್ಲಿ ನೆಲೆಗೊಂಡಿದೆ. ಆದರೆ ಆ ಹಾಡಿಗೆ ಆಸರೆಯಾದ ಬೀಸುವ ಕಲ್ಲು ಯಾವ ಕಾಲದ್ದು, ಯಾರು ಕಡಿದದ್ದು, ಆ ಮನೆಗೆ ಹೇಗೆ ಬಂತು ಎಂದು ಕೇಳಿ ಬರೆದುಕೊಂಡವರು ವಿರಳ. ಈ ಉದಾಸೀನದ ಪರಿಣಾಮ ಈಗ ಕಣ್ಣಿಗೆ ಕಾಣುತ್ತಿದೆ. ಹುಬ್ಬಳ್ಳಿ-ಧಾರವಾಡ ಹಾಗೂ ಸುತ್ತಲಿನ ಹಳ್ಳಿಗಳಲ್ಲಿ ತೊಲೆ-ಜಂತಿಯ ಮನೆಗಳು ಬಿದ್ದು ಸಿಮೆಂಟಿನ ಮನೆಗಳು ಏಳುತ್ತಿರುವಂತೆಯೇ ಅವುಗಳೊಳಗಿನ ಹಂಡೆ, ಕೊಡ, ಗಂಗಾಳ, ಸಮೆ, ಅಡಕೊತ್ತು, ಸೇರು-ಪಾವುಗಳು ಹೊರಬೀಳುತ್ತಿವೆ. ಕೆಲವು ಗುಜರಿಗೆ ಹೋಗುತ್ತವೆ. ಕೆಲವು ಪಾತ್ರೆಯ ಅಂಗಡಿಯಲ್ಲಿ ಸ್ಟೀಲಿನ ಸಾಮಾನಿಗೆ ಬದಲಾಗುತ್ತವೆ. ಇನ್ನು ಕೆಲವು ಹಳೆಯ ವಸ್ತುಗಳ ವ್ಯಾಪಾರಿಗಳ ಕೈಸೇರಿ ದೂರದ ನಗರಗಳ ಹೋಟೆಲು, ಬಂಗಲೆಗಳ ಅಲಂಕಾರವಾಗುತ್ತವೆ. ಗುಜರಿಯವರು ತೂಕ ಕೇಳುತ್ತಾರೆ, ಹಳೆಯ ವಸ್ತುಗಳ ವ್ಯಾಪಾರಿ ವಯಸ್ಸು ಕೇಳುತ್ತಾನೆ. ವಸ್ತು ಯಾವ ಮನೆಯದು, ಯಾರ ಕೈಯಲ್ಲಿ ಏನಾಗಿತ್ತು ಎಂಬ ಪ್ರಶ್ನೆಯನ್ನು ಇಬ್ಬರೂ ಕೇಳುವುದಿಲ್ಲ. ಆ ಪ್ರಶ್ನೆಯನ್ನು ಬಿಟ್ಟು ಕಾಲವನ್ನಾಗಲಿ ಮೌಲ್ಯವನ್ನಾಗಲಿ ನಿರ್ಣಯಿಸುವುದು ಸಾಧ್ಯವಿಲ್ಲವೆಂಬುದನ್ನು ಕೆಲವು ವಸ್ತುಗಳ ಮೂಲಕ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗ್ರಂಥಸಂಪಾದನೆಯಲ್ಲಿ ಕವಿಯ ಕಾಲವನ್ನು ಗೊತ್ತುಮಾಡುವಾಗ ಆಂತರಿಕ ಪ್ರಮಾಣ, ಬಾಹ್ಯ ಪ್ರಮಾಣ ಎಂದು ವಿಂಗಡಿಸಿಕೊಳ್ಳುತ್ತೇವೆ. ಕೃತಿ ಇದಕ್ಕಿಂತ ಹಿಂದಿನದಾಗಿರಲಾರದು ಎಂಬ ಪೂರ್ವಮಿತಿಯನ್ನೂ, ಇದಕ್ಕಿಂತ ಈಚಿನದಾಗಿರಲಾರದು ಎಂಬ ಉತ್ತರಮಿತಿಯನ್ನೂ ಮೊದಲು ಹಾಕಿಕೊಂಡು, ಬಳಿಕ ನಡುವಿನ ಅಂತರವನ್ನು ಕಿರಿದುಗೊಳಿಸುತ್ತ ಹೋಗುತ್ತೇವೆ. ಗೃಹವಸ್ತುವಿಗೂ ಈ ಕ್ರಮ ಸಲ್ಲುತ್ತದೆ. ವಸ್ತುವಿನ ಲೋಹ, ಬೆಸುಗೆ, ಬರಹ, ಸವೆತ ಇವು ಆಂತರಿಕ ಪ್ರಮಾಣಗಳು. ಮನೆಯವರ ಹೇಳಿಕೆ, ವಂಶಾವಳಿ, ದಾಖಲೆ ಇವು ಬಾಹ್ಯ ಪ್ರಮಾಣಗಳು. ಒಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕಾಗಿದೆ.

ಧಾರವಾಡದ ಸಮೀಪದ ಒಂದು ಹಳ್ಳಿಯ ಒಕ್ಕಲುತನದ ಮನೆಯಲ್ಲಿ ತಾಮ್ರದ ಹಂಡೆಯೊಂದನ್ನು ಕಂಡೆ. ಮನೆಯವರು ಅದನ್ನು ಮಾರುವ ವಿಚಾರದಲ್ಲಿದ್ದರು. ಹಂಡೆಯ ಕಂಠದ ಕೆಳಗೆ ಚುಕ್ಕೆಗಳನ್ನು ಕುಟ್ಟಿ ಬರೆದ ಒಂದು ಸಾಲು: ವಿಕಾರಿ ನಾಮ ಸಂವತ್ಸರ, ವೈಶಾಖ ಮಾಸದ ಒಂದು ತಿಥಿ, ಮದುವೆಗೆ ಆಯೇರು ಮಾಡಿದ ಸೋದರಮಾವನ ಹೆಸರು, ಮದುಮಗಳ ಹೆಸರು, ಕೊನೆಗೆ ತೂಕ 6 ಸೇರು. ಮನೆಯ ಹಿರಿಯರು ಇದು ತಮ್ಮ ಮುತ್ತಜ್ಜಿಯ ಮದುವೆಯದೆಂದೂ, ಆಕೆ ಪ್ಲೇಗಿನ ಕಾಲದಲ್ಲಿ ಈ ಮನೆಗೆ ಬಂದವಳೆಂದೂ ಹೇಳಿದರು. ಪ್ಲೇಗು ಹುಬ್ಬಳ್ಳಿ-ಧಾರವಾಡಗಳನ್ನು ತೀವ್ರವಾಗಿ ಕಾಡಿದ್ದು 1898ರ ಸುಮಾರಿನಲ್ಲಿ. ವಿಕಾರಿ ಸಂವತ್ಸರ 1899-1900ರಲ್ಲಿ ಬರುತ್ತದೆ. ಮುತ್ತಜ್ಜಿಯ ಹೆಸರೂ ಹಂಡೆಯ ಮೇಲಿನ ಹೆಸರೂ ಒಂದೇ. ಹೀಗೆ ಎಲ್ಲವೂ ಒಂದಕ್ಕೊಂದು ಕೂಡಿಬಂದದ್ದರಿಂದ ನನ್ನ ಟಿಪ್ಪಣಿಯಲ್ಲಿ ‘1899’ ಎಂದು ಬರೆದುಕೊಂಡೆ. ಅದನ್ನು ಆಧರಿಸಿ ಒಂದು ವಿಚಾರಸಂಕಿರಣದಲ್ಲಿ ಮಾತನಾಡಿಯೂ ಬಿಟ್ಟೆ.

ಎರಡು ವರ್ಷಗಳ ಅನಂತರ ಅದೇ ಮನೆಯ ಟ್ರಂಕಿನಲ್ಲಿ ಒಂದು ಮುದ್ರಿತ ಲಗ್ನಪತ್ರಿಕೆ ಸಿಕ್ಕಿತು. ಸಂವತ್ಸರ, ಮಾಸ, ತಿಥಿ, ಮದುಮಗಳ ಹೆಸರು ಎಲ್ಲವೂ ಹಂಡೆಯ ಮೇಲಿದ್ದವೇ. ಆದರೆ ಇಸವಿ 1959. ಸಂವತ್ಸರ ಚಕ್ರ 60 ವರ್ಷಗಳಿಗೊಮ್ಮೆ ಮರಳುತ್ತದೆಂಬುದು ತಿಳಿಯದ ವಿಷಯವಲ್ಲ. ಅದನ್ನು ಲೆಕ್ಕಕ್ಕೂ ತೆಗೆದುಕೊಂಡಿದ್ದೆ. ಹೆಸರು ಕೂಡಿದೆಯಲ್ಲ ಎಂಬ ಧೈರ್ಯದಿಂದ ಎರಡನೆಯ ಸಾಧ್ಯತೆಯನ್ನು ಕೈಬಿಟ್ಟಿದ್ದೆ. ನಮ್ಮ ಭಾಗದಲ್ಲಿ ಮೊಮ್ಮಗಳಿಗೆ ಅಜ್ಜಿಯ ಹೆಸರನ್ನಿಡುವ ರೂಢಿ ಬಲವಾಗಿದೆ. ಎರಡು ತಲೆಮಾರಿಗೊಮ್ಮೆ ಹೆಸರು ಮರಳುತ್ತದೆ, ಸುಮಾರು ಅಷ್ಟೇ ಅವಧಿಗೆ ಸಂವತ್ಸರವೂ ಮರಳುತ್ತದೆ. ಒಂದೇ ಹೆಸರಿನ ಇಬ್ಬರು ಹೆಂಗಸರು, ಒಂದೇ ಹೆಸರಿನ ಎರಡು ವರ್ಷ: ಮನೆಯವರ ನೆನಪಿನಲ್ಲಿ ಇಬ್ಬರೂ ಕೂಡಿ ಒಬ್ಬಳಾಗಿದ್ದಳು. ಹಿರಿಯರು ಸುಳ್ಳು ಹೇಳಿರಲಿಲ್ಲ. ಕಥೆ ಅಜ್ಜಿಯಿಂದ ಅಜ್ಜಿಗೆ ಜಾರಿತ್ತು. ಮೌಖಿಕ ಪರಂಪರೆಯಲ್ಲಿ ನಾವು ದಿನವೂ ಕಾಣುವ ಪ್ರಕ್ರಿಯೆಯೇ ಅದು. ಪ್ಲೇಗಿನ ಆಧಾರವೂ ನಾನು ತಿಳಿದಷ್ಟು ಗಟ್ಟಿಯಾಗಿರಲಿಲ್ಲ. ಅದು ಒಂದು ವರ್ಷ ಬಂದು ಹೋದ ಬೇನೆಯಲ್ಲ. 20ನೆಯ ಶತಮಾನದ ಮೊದಲ ದಶಕಗಳಲ್ಲಿಯೂ ಮತ್ತೆ ಮತ್ತೆ ಮರಳಿತು. ಜನ ‘ಪ್ಲೇಗಿನ ವರ್ಷ’, ‘ದೊಡ್ಡ ಬರ’ ಎಂದು ಕಾಲವನ್ನು ಗುರುತಿಸುವಾಗ ಯಾವ ಪ್ಲೇಗು, ಯಾವ ಬರ ಎಂದು ಎದುರು ಪ್ರಶ್ನೆ ಹಾಕದೆ ಇಸವಿ ಬರೆಯಬಾರದು. 1876-78ರ ಬರವನ್ನೂ 1972ರ ಬರವನ್ನೂ ‘ದೊಡ್ಡ ಬರ’ ಎಂದೇ ಕರೆದವರನ್ನು ಒಂದೇ ಊರಿನಲ್ಲಿ ಕಂಡಿದ್ದೇನೆ.

ಹಂಡೆಯ ಮೇಲಿನ ತೂಕ ಇಲ್ಲಿ ನೆರವಿಗೆ ಬರಬಹುದಿತ್ತೇ ಎಂದು ಆಮೇಲೆ ಯೋಚಿಸಿದೆ. ತೂಕ-ಅಳತೆಗಳ ಕೇಂದ್ರ ಕಾನೂನು 1956ರಲ್ಲಿ ಬಂದು, ಮೆಟ್ರಿಕ್ ಪದ್ಧತಿ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿಯಾಯಿತು; 1962ರ ಹೊತ್ತಿಗೆ ಹಳೆಯ ತೂಕಗಳು ಕಾನೂನುಬದ್ಧ ವ್ಯವಹಾರದಿಂದ ಹೊರಗಾದವು. ಆದ್ದರಿಂದ ಸೇರಿನ ಲೆಕ್ಕ ಇರುವ ಪಾತ್ರೆಗೆ 1960ರ ಆಸುಪಾಸನ್ನು ಉತ್ತರಮಿತಿಯೆಂದು ಹಿಡಿಯುವುದು ಸಾಮಾನ್ಯವಾಗಿ ಸರಿ, ಹಳ್ಳಿಯ ರೂಢಿ ಕಾನೂನಿಗಿಂತ ನಿಧಾನವೆಂಬುದನ್ನು ಮರೆಯದಿದ್ದರೆ. ಆದರೆ 1899 ಮತ್ತು 1959 ಎರಡೂ ಆ ಮಿತಿಯ ಒಳಗೇ ಬೀಳುತ್ತವೆ. ತೂಕ ನನ್ನ ಸಮಸ್ಯೆಯನ್ನು ಬಿಡಿಸುತ್ತಿರಲಿಲ್ಲ.

ಹಂಡೆಯನ್ನು ಕೈಯಿಂದ ಬಡಿದು ಮಾಡಿದ್ದು, ಹಲ್ಲು ಹಲ್ಲಾಗಿ ಕತ್ತರಿಸಿದ ಅಂಚುಗಳನ್ನು ಒಂದರೊಳಗೊಂದು ಕೂಡಿಸಿ ಬೆಸೆದದ್ದು ಇವು ಪ್ರಾಚೀನತೆಯ ಗುರುತೆಂದು ನಾನು ತಿಳಿದಿದ್ದೆ. ವ್ಯಾಪಾರಿಗಳು ಹೆಚ್ಚಾಗಿ ಆಡುವ ಮಾತೂ ಇದೇ: ಸುತ್ತಿಗೆಯ ಗುರುತಿದ್ದರೆ ಹಳೆಯದು, ನುಣುಪಾಗಿದ್ದರೆ ಹೊಸದು. ಹುಬ್ಬಳ್ಳಿಯ ಕಂಚಗಾರ ಗಲ್ಲಿಯಂತಹ ಹೆಸರುಗಳನ್ನು ಹೊತ್ತ ಕೇರಿಗಳಿರುವ ನಾಡಿನಲ್ಲಿ ಈ ಮಾತು ನಿಲ್ಲುವುದಿಲ್ಲ. ಕೈಬಡಿತದ ಕೆಲಸ ಯಂತ್ರದ ತಗಡು ಬಂದ ಮೇಲೂ ನಿಲ್ಲಲಿಲ್ಲ. ತಂತ್ರ ಹಳೆಯದಾದ ಮಾತ್ರಕ್ಕೆ ವಸ್ತು ಹಳೆಯದಾಗುವುದಿಲ್ಲ. ಪೂರ್ವಮಿತಿಯನ್ನು ಕೊಡುವುದು ಹೊಸ ತಂತ್ರದ ಗುರುತು ಮಾತ್ರ. ಬಿಡಿಭಾಗಗಳನ್ನು ತಿರುಪಿನಿಂದ ಜೋಡಿಸುವ ಹಿತ್ತಾಳೆಯ ಸಮೆಯನ್ನು ಬಿಚ್ಚಿ ನೋಡಿದರೆ ಇದು ತಿಳಿಯುತ್ತದೆ. ಕೈಯಿಂದ ಕೊರೆದ ತಿರುಪು ಒರಟು, ಅಸಮ. ಒಂದು ಸಮೆಯ ದಂಡ ಇನ್ನೊಂದರ ಬುಡಕ್ಕೆ ಕೂಡುವುದಿಲ್ಲ. ಯಂತ್ರದ ತಿರುಪು ಸಮವಾಗಿದ್ದು ಯಾವುದಕ್ಕೆ ಯಾವುದಾದರೂ ಕೂಡುತ್ತದೆ. ಮೇಲೆಲ್ಲ ಕಪ್ಪಿಟ್ಟು ‘ಇನ್ನೂರು ವರ್ಷದ್ದು’ ಎನಿಸಿಕೊಂಡ ಸಮೆಯ ಒಳಗೆ ಯಂತ್ರದ ತಿರುಪು ಸಿಗುವುದು ಅಪರೂಪವಲ್ಲ.

ಈ ಕಪ್ಪು, ಕಿಲುಬುಗಳ ವಿಷಯವನ್ನು ಸ್ವಲ್ಪ ವಿಸ್ತರಿಸಬೇಕು, ಏಕೆಂದರೆ ಕೊಳ್ಳುವವರು ಹೆಚ್ಚು ಮೋಸಹೋಗುವುದು ಇಲ್ಲಿಯೇ. ಹಸಿರು ಕಿಲುಬು ದಪ್ಪವಾದಷ್ಟೂ ವಸ್ತು ಹಳೆಯದೆಂದು ಜನ ನಂಬುತ್ತಾರೆ. ನಮ್ಮ ಮನೆಗಳಲ್ಲಿ ತಾಮ್ರ-ಹಿತ್ತಾಳೆಯ ಪಾತ್ರೆಗಳನ್ನು ಹುಣಸೆಹಣ್ಣು, ಬೂದಿ ಹಚ್ಚಿ ದಿನವೂ ತಿಕ್ಕುತ್ತಿದ್ದರು. ಅಡುಗೆಯ ಪಾತ್ರೆಗಳಿಗೆ ಕಾಲಕಾಲಕ್ಕೆ ಕಲಾಯಿ ಹಾಕಿಸುತ್ತಿದ್ದರು. ನೂರು ವರ್ಷ ನಿಜವಾಗಿ ಬಳಕೆಯಲ್ಲಿದ್ದ ಪಾತ್ರೆ ಹೊಳೆಯುತ್ತಿರುತ್ತದೆ, ತೆಳ್ಳಗಾಗಿರುತ್ತದೆ. ಕೊಡವನ್ನು ಟೊಂಕದ ಮೇಲೆ ಹೊತ್ತ ಕಡೆ ಹೊಟ್ಟೆ ತುಸು ಚಪ್ಪಟೆಯಾಗಿರುತ್ತದೆ. ಕೈಹಿಡಿದ ಕಂಠದಲ್ಲಿ, ನೆಲಕ್ಕೆ ತಾಗುವ ಬುಡದಲ್ಲಿ ಸವೆತ ಹೆಚ್ಚು. ಕೊರೆದ ಹೆಸರಿನ ಅಕ್ಷರಗಳು ಹೊರಮೈಯಲ್ಲಿ ಮಾಸಿ ಚುಕ್ಕೆಯ ಆಳ ಮಾತ್ರ ಉಳಿದಿರುತ್ತದೆ. ಕಿಲುಬು ಹೇಳುವುದು ವಯಸ್ಸನ್ನಲ್ಲ, ತಿಕ್ಕದೆ ಬಿಟ್ಟದ್ದನ್ನು. ಅಟ್ಟದ ಮೇಲೆ ಕೆಲವು ಮಳೆಗಾಲ ಕಳೆದ ಪಾತ್ರೆಗೂ ಅದು ಬರುತ್ತದೆ. ಉಪ್ಪು, ಆಮ್ಲ ಸವರಿ ಹಸಿ ಮಣ್ಣಿನಲ್ಲಿ ಹೂತಿಟ್ಟರೆ ಬಹು ಬೇಗ ಬರುತ್ತದೆ. ಬೇಕೆಂದು ಬರಿಸಿದ ಕಿಲುಬು ಎಲ್ಲ ಕಡೆ ಒಂದೇ ಸಮ ಇರುತ್ತದೆ, ಕೈತಾಗುವ ಜಾಗಕ್ಕೂ ತಾಗದ ಜಾಗಕ್ಕೂ ಭೇದ ತೋರುವುದಿಲ್ಲ. ಆದ್ದರಿಂದ ಬಣ್ಣಕ್ಕಿಂತ ಸವೆತದ ಜಾಗವನ್ನು ನೋಡುವುದು ಲೇಸು. ಆ ವಸ್ತುವನ್ನು ಹೇಗೆ ಹಿಡಿಯುತ್ತಿದ್ದರು ಎಂಬುದು ಗೊತ್ತಿದ್ದವರಿಗೇ ಸವೆತ ಎಲ್ಲಿರಬೇಕೆಂಬುದು ಗೊತ್ತಾಗುತ್ತದೆ. ಈ ತಿಳಿವಳಿಕೆ ಪುಸ್ತಕದಲ್ಲಿ ಕಡಿಮೆ, ಅಜ್ಜಿಯರಲ್ಲಿ ಹೆಚ್ಚು.

ಹುಬ್ಬಳ್ಳಿ-ಧಾರವಾಡ ಪರಿಸರಕ್ಕೆ ಇನ್ನೊಂದು ಅನುಕೂಲವಿದೆ: ಇಲ್ಲಿ ಆಡಳಿತದ ಹೆಸರುಗಳು ಹಲವು ಬಾರಿ ಬದಲಾಗಿವೆ. ಧಾರವಾಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತದಲ್ಲಿತ್ತು, ಅಲ್ಲಿಂದ 1973ರ ನವೆಂಬರ್ 1ರವರೆಗೆ ರಾಜ್ಯದ ಹೆಸರು ಮೈಸೂರು, ಬಳಿಕ ಕರ್ನಾಟಕ. ಹುಬ್ಬಳ್ಳಿ-ಧಾರವಾಡ ಮಹಾನಗರಪಾಲಿಕೆ ರಚನೆಯಾದದ್ದು 1962ರಲ್ಲಿ. ಹುಬ್ಬಳ್ಳಿಯ ಹೆಸರಿನ ಇಂಗ್ಲಿಷ್ ಕಾಗುಣಿತ ಕನ್ನಡದ ಉಚ್ಚಾರಣೆಗೆ ಅನುಗುಣವಾಗಿ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಆದ್ದರಿಂದ ಇಲ್ಲಿಯ ತಕ್ಕಡಿ, ಫಲಕ, ಬಿಲ್ಲೆ, ಶಾಲೆಯ ಗಂಟೆ, ರಸೀದಿ ಇವುಗಳಲ್ಲಿ ಯಾವುದರ ಮೇಲಾದರೂ ಮೈಸೂರು ಸರ್ಕಾರದ ಹೆಸರಿದ್ದರೆ ಅದು ಆ 17 ವರ್ಷಗಳ ಅವಧಿಯದು. ಹಳೇ ಮೈಸೂರು ಪ್ರಾಂತದಲ್ಲಾದರೆ ಅದೇ ಬರಹ ಇನ್ನೂ ಎಷ್ಟೋ ಹಿಂದಿನದಾಗಿರಬಹುದು. ವಸ್ತು ಯಾವ ಊರಿನದೆಂಬುದು ಗೊತ್ತಿಲ್ಲದಿದ್ದರೆ ಈ ಸಾಕ್ಷ್ಯವೇ ನಿರುಪಯೋಗಿ.

ರೈಲ್ವೆಯ ಸಾಮಾನುಗಳಿಗೂ ಇದು ಅನ್ವಯಿಸುತ್ತದೆ. ಹುಬ್ಬಳ್ಳಿ ರೈಲಿನ ಊರು. ಇಲ್ಲಿಯ ಹಳೆಯ ವಸ್ತುಗಳಲ್ಲಿ ಕೈದೀಪ, ಹಿತ್ತಾಳೆಯ ಬೀಗ, ಗಂಟೆ, ಪೆಟ್ಟಿಗೆಗಳಿಗೆ ಒಳ್ಳೆಯ ಗಿರಾಕಿಯಿದೆ. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ 1908ರಲ್ಲಿ ಮದ್ರಾಸ್ ರೈಲ್ವೆಯೊಡನೆ ಕೂಡಿ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು. 1951ರಲ್ಲಿ ಅದು ದಕ್ಷಿಣ ರೈಲ್ವೆಯೊಳಗೆ ಸೇರಿತು. ಮುಂದೆ ಹುಬ್ಬಳ್ಳಿ ವಿಭಾಗ 1966ರಲ್ಲಿ ರಚನೆಯಾದ ದಕ್ಷಿಣ ಮಧ್ಯ ರೈಲ್ವೆಗೆ ಸೇರಿ, 2003ರಿಂದ ಇಲ್ಲಿಯೇ ಕೇಂದ್ರ ಕಚೇರಿಯುಳ್ಳ ನೈಋತ್ಯ ರೈಲ್ವೆಯಲ್ಲಿದೆ. ಪ್ರತಿ ಘಟ್ಟದ ಸಂಕ್ಷಿಪ್ತಾಕ್ಷರವೂ ಬೇರೆ. ಬೀಗದ ಮೇಲೆ ‘ಎಸ್.ಎಂ.ಆರ್.’ ಎಂದು ಎರಕದಲ್ಲಿಯೇ ಮೂಡಿದ್ದರೆ 1908ಕ್ಕಿಂತ ಹಿಂದಿನದೆಂದು ಹೇಳಬಹುದು. ಎರಕದ ಅಕ್ಷರಕ್ಕೂ ಆಮೇಲೆ ಒತ್ತಿದ ಅಕ್ಷರಕ್ಕೂ ಇರುವ ವ್ಯತ್ಯಾಸವನ್ನು ನೋಡಲೇಬೇಕು. ಹಳೆಯ ದಾಸ್ತಾನಿನ ಮೇಲೆ ಹೊಸ ಆಡಳಿತ ತನ್ನ ಮುದ್ರೆಯನ್ನು ಒತ್ತಿದರೆ ವಸ್ತು ಮುದ್ರೆಗಿಂತ ಹಳೆಯದು. ಹೊಸ ಬೀಗದ ಮೇಲೆ ಇತ್ತೀಚೆಗೆ ಹಳೆಯ ಅಕ್ಷರ ಕೊರೆಯಿಸಿದ್ದರೆ ಅಕ್ಷರದಂಚು ಹರಿತವಾಗಿದ್ದು ಸುತ್ತಲಿನ ಸವೆತದೊಡನೆ ಹೊಂದುವುದಿಲ್ಲ. ಹೋಲಿಸಿ ನೋಡಲು 2020ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ರೈಲ್ವೆ ವಸ್ತುಸಂಗ್ರಹಾಲಯ ಸಂಶೋಧಕರಿಗೆ ಉಪಯುಕ್ತ.

ನಾಣ್ಯಗಳ ಮೇಲೆ ಇಸವಿಯೇ ಇರುವುದರಿಂದ ಕಾಲನಿರ್ಣಯ ಸುಲಭವೆಂದು ತೋರುತ್ತದೆ, ಹಾಗಿಲ್ಲ. ವಿಕ್ಟೋರಿಯಾ ರಾಣಿಯ 1862ರ ರೂಪಾಯಿಯನ್ನು ಅದೇ ಇಸವಿಯೊಡನೆ 1874ರವರೆಗೂ ಟಂಕಿಸಲಾಯಿತು. 1877ರಿಂದ ‘ರಾಣಿ’ಯ ಜಾಗದಲ್ಲಿ ‘ಸಾಮ್ರಾಜ್ಞಿ’ ಎಂಬ ಬಿರುದು ಬರುತ್ತದೆ. 1940ರಿಂದ ರೂಪಾಯಿಯಲ್ಲಿ ಬೆಳ್ಳಿಯ ಪ್ರಮಾಣ ಹನ್ನೆರಡರಲ್ಲಿ ಹನ್ನೊಂದು ಪಾಲಿನಿಂದ ಅರ್ಧಕ್ಕಿಳಿಯಿತು; ಹಳೆಯ ರೂಪಾಯಿಯೆಲ್ಲ ಶುದ್ಧ ಬೆಳ್ಳಿಯೆಂಬ ನಂಬಿಕೆ ಇಲ್ಲಿ ಮುಗಿಯುತ್ತದೆ. ಇನ್ನು ರಾಮ, ಸೀತೆ, ಹನುಮಂತರ ಚಿತ್ರವಿದ್ದು ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818ರಂತಹ ಇಸವಿ ಹೊತ್ತ ‘ಆಣೆ’ಗಳು ಜಾತ್ರೆಗಳಲ್ಲಿಯೂ ರಸ್ತೆಬದಿಯಲ್ಲಿಯೂ ಧಾರಾಳವಾಗಿ ಸಿಗುತ್ತವೆ. ಕಂಪನಿ ಅಂಥ ಆಣೆಯನ್ನು ಹೊರಡಿಸಲೇ ಇಲ್ಲ. ಅವು ಈಚಿನ ತಯಾರಿಕೆಗಳು. ಜಾನಪದದ ದೃಷ್ಟಿಯಿಂದ ಅವು ಅಧ್ಯಯನಯೋಗ್ಯವೇ, ಆದರೆ ನಾಣ್ಯಗಳೆಂದಲ್ಲ. ಅಕ್ಕಿಯನ್ನು ತನ್ನತ್ತ ಸೆಳೆಯುವ ಶಕ್ತಿಯಿದೆಯೆಂದು ಹಳೆಯ ತಾಮ್ರದ ಚೆಂಬನ್ನು ಲಕ್ಷಾಂತರ ರೂಪಾಯಿಗೆ ಮಾರುವ ‘ರೈಸ್ ಪುಲ್ಲಿಂಗ್’ ವಂಚನೆಯ ಪೊಲೀಸ್ ಪ್ರಕರಣಗಳು ರಾಜ್ಯದಲ್ಲಿ ಪದೇ ಪದೇ ವರದಿಯಾಗಿವೆ. ಹಳೆಯ ಪಾತ್ರೆಯ ಬಗ್ಗೆ ಜನರಲ್ಲಿರುವ ಭಯಭಕ್ತಿಯೇ ಅಲ್ಲಿ ಬಂಡವಾಳ.

ಬಟ್ಟೆಯ ವಿಷಯದಲ್ಲಿ ಸಂಕ್ಷೇಪವಾಗಿ ಹೇಳುವೆ. ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ಆಗಿ ಕಾಣಬೇಕು. ಎಳೆ ಎಣಿಸಿ ಹಾಕಿದ ಕಸೂತಿಯಲ್ಲಿ ಗಂಟು ಕಾಣುವುದಿಲ್ಲ. ಇದು ಕೌಶಲದ ಪ್ರಮಾಣವೇ ಹೊರತು ಕಾಲದ ಪ್ರಮಾಣವಲ್ಲ. ಕಾಲವನ್ನು ಹೇಳುವುದು ಕಸೂತಿಗಿಂತ ಅದರ ಕೆಳಗಿನ ಸೀರೆ. ಕೌದಿಯಲ್ಲಂತೂ ಪದರಗಳನ್ನು ಬಿಡಿಸಿ ನೋಡಿದರೆ ಒಂದು ಮನೆಯ ಹಲವು ದಶಕಗಳ ಸೀರೆ, ಧೋತರ, ಕುಪ್ಪಸದ ಖಣ ಒಂದರ ಮೇಲೊಂದು ಸಿಗುತ್ತವೆ. ಅವುಗಳಲ್ಲಿ ಅತ್ಯಂತ ಈಚಿನ ಬಟ್ಟೆಯೇ ಕೌದಿಯ ಪೂರ್ವಮಿತಿ. ಪಾಲಿಯೆಸ್ಟರಿನ ಒಂದು ತುಂಡು ಹೊಲಿಗೆಯೊಳಗೆ ಮೂಲದಿಂದಲೇ ಇದ್ದರೆ ಅದನ್ನು 1960ರ ದಶಕಕ್ಕಿಂತ ಹಿಂದಕ್ಕೆ ಒಯ್ಯುವುದು ಕಷ್ಟ. ಆಮೇಲೆ ಹಚ್ಚಿದ ತೇಪೆಯಾಗಿದ್ದರೆ ಆ ಮಾತು ಬೇರೆ. ದೇವರ ಪಟಗಳಿಗೆ ಒಂದು ಭೂತಗನ್ನಡಿ ಸಾಕು. 1894ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮುಂದೆ ಲೋಣಾವಳದ ಬಳಿಗೆ ಹೋದ ರವಿವರ್ಮ ಮುದ್ರಣಾಲಯದ ಕಲ್ಲಚ್ಚಿನ ಪಟಗಳಲ್ಲಿ ಬಣ್ಣದ ಕಣಗಳು ಅಡ್ಡಾದಿಡ್ಡಿಯಾಗಿರುತ್ತವೆ. ಆಫ್‌ಸೆಟ್ ನಕಲಿನಲ್ಲಿ ಚುಕ್ಕೆಗಳು ಸಾಲುಗಟ್ಟಿ ನಿಂತಿರುತ್ತವೆ. ಹೊಳೆಯುವ ಹಿತ್ತಾಳೆ ಕೊಂಬಿನ ಗ್ರಾಮೋಫೋನುಗಳಲ್ಲಿ ಬಹಳಷ್ಟು ಈಚೆಗೆ ಜೋಡಿಸಿದವು, ಪ್ರಸಿದ್ಧ ಕಂಪನಿಯ ಫಲಕವೂ ಹೊಸದು. 78 ಸುತ್ತಿನ ತಟ್ಟೆಗಳು ಭಾರತದಲ್ಲಿ 1970ರ ಸುಮಾರಿನವರೆಗೂ ಬಂದವಾದ್ದರಿಂದ ತಟ್ಟೆ ಅರಗಿನದೆಂಬುದೊಂದೇ ಕಾರಣಕ್ಕೆ ಅದು ಸ್ವಾತಂತ್ರ್ಯಪೂರ್ವದ್ದಾಗುವುದಿಲ್ಲ. ತಟ್ಟೆಯ ಚೀಟಿಯನ್ನು ಓದಬೇಕು. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಆರಂಭದ ತಟ್ಟೆಗಳಲ್ಲಿ ಅವರ ಹೆಸರು ‘ಗಾಂಧಾರಿ’ ಎಂದಿದೆ. ಇದು ತಿಳಿಯದವರು ಅಂಥ ತಟ್ಟೆಯನ್ನು ಅಪರಿಚಿತ ಗಾಯಕಿಯದೆಂದು ಬದಿಗಿಡುವ ಸಂಭವವಿದೆ.

ಮೌಲ್ಯದ ಪ್ರಶ್ನೆಗೆ ಬರುವುದಾದರೆ, ಒಂದೇ ವಸ್ತುವಿಗೆ ಕನಿಷ್ಠ ಮೂರು ಬೆಲೆಗಳಿವೆಯೆಂಬುದನ್ನು ಒಪ್ಪಿಕೊಂಡು ಹೊರಡಬೇಕು. ಲೋಹದ ಬೆಲೆ, ಸಂಗ್ರಾಹಕರ ಬೆಲೆ, ಅಧ್ಯಯನದ ಬೆಲೆ. ಇವು ಒಂದೇ ದಿಕ್ಕಿನಲ್ಲಿ ಏರುವುದಿಲ್ಲ. ಕೊರಳ ಸರಕ್ಕೆ ಪೋಣಿಸಲು ಕೊಂಡಿ ಬೆಸೆದ ರೂಪಾಯಿಯನ್ನು ನಾಣ್ಯಸಂಗ್ರಾಹಕ ಕೆಟ್ಟದ್ದೆಂದು ತಳ್ಳುತ್ತಾನೆ. ನಮಗೆ ಆ ಕೊಂಡಿಯೇ ಮುಖ್ಯ, ನಾಣ್ಯ ಹಣವಾಗಿದ್ದು ಒಡವೆಯಾದ ಘಳಿಗೆಯ ಗುರುತು ಅದು. ಪಾತ್ರೆಯ ಮೇಲಿನ ಹೆಸರೂ ಹೀಗೆಯೇ. ಪರರ ಹೆಸರಿರುವ ಪಾತ್ರೆ ಮನೆಗೆ ಬೇಡವೆನ್ನುವ ಗಿರಾಕಿಗಾಗಿ ಅದನ್ನು ಉಜ್ಜಿ ಅಳಿಸಿ ಪಾಲಿಶ್ ಮಾಡಿಸುವುದನ್ನು ನೋಡಿದ್ದೇನೆ. ಹಾಗೆ ಅಳಿದದ್ದು ಆ ವಸ್ತುವಿನ ಏಕೈಕ ಲಿಖಿತ ಆಧಾರ. ಶಾಸನವನ್ನು ಕಂಡರೆ ಓಡಿ ಹೋಗಿ ಪಡಿಯಚ್ಚು ತೆಗೆಯುವ ನಾವು ಹಂಡೆಯ ಕಂಠದ ಒಂದು ಸಾಲನ್ನು ಶಾಸನವೆಂದು ಎಣಿಸಿಲ್ಲ. ಆಯೇರಿನ ಈ ಬರಹಗಳಲ್ಲಿ ಹೆಂಗಸರ ಹೆಸರು ಬರುತ್ತದೆ, ತವರಿನ ಊರು ಬರುತ್ತದೆ, ಕೊಟ್ಟವರ ಬಂಧುತ್ವ ಬರುತ್ತದೆ. ಕಂದಾಯದ ಕಾಗದಗಳಲ್ಲಿ ಹೆಸರೇ ಇರದ ಎಷ್ಟೋ ಹೆಂಗಸರ ಮಟ್ಟಿಗೆ ಬೇರೆ ಲಿಖಿತ ದಾಖಲೆ ಉಳಿದಿಲ್ಲ.

ಕಾನೂನು ಇವುಗಳನ್ನು ಕಾಯುತ್ತದೆಯೇ ಎಂದರೆ ಭಾಗಶಃ ಮಾತ್ರ. 1972ರ ಪ್ರಾಚ್ಯವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮ 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ಸಾಮಾನ್ಯ ವಸ್ತುವಿಗೆ 100 ವರ್ಷ, ವೈಜ್ಞಾನಿಕ, ಐತಿಹಾಸಿಕ, ಸಾಹಿತ್ಯಿಕ ಅಥವಾ ಸೌಂದರ್ಯಾತ್ಮಕ ಮೌಲ್ಯದ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ ತುಂಬಿದ್ದರೆ ಪ್ರಾಚ್ಯವಸ್ತುವೆನಿಸುತ್ತದೆ. ಅದನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ, ವ್ಯಾಪಾರ ಮಾಡುವವರು ಪರವಾನಗಿ ಪಡೆದಿರಬೇಕು. ಕಡ್ಡಾಯ ನೋಂದಣಿಯಿರುವುದು ಶಿಲ್ಪ, ವರ್ಣಚಿತ್ರ, ಸಚಿತ್ರ ಹಸ್ತಪ್ರತಿ ಮುಂತಾದ ಅಧಿಸೂಚಿತ ವರ್ಗಗಳಿಗೆ ಮಾತ್ರ, ಹಂಡೆ-ಕೊಡಗಳಿಗಲ್ಲ. ಅಡಿಪಾಯ ಅಗೆಯುವಾಗ, ಹಳೆಯ ಹಗೇವು ತೆಗೆಯುವಾಗ ಸಿಕ್ಕ ನಾಣ್ಯದ ಗಡಿಗೆಗೆ ರಾಜ್ಯದ 1962ರ ನಿಧಿ ಕಾನೂನು ಅನ್ವಯಿಸುತ್ತದೆ. ಅದನ್ನು ತಿಳಿಸದೆ ಇಟ್ಟುಕೊಳ್ಳುವುದು ಅಪರಾಧ. ಗ್ರಾಮದೇವತೆಯ ಮುಖ, ಉತ್ಸವಮೂರ್ತಿಗಳು ಮಾರಾಟಕ್ಕೆ ಬಂದರೆ ವಯಸ್ಸನ್ನು ಕೇಳುವ ಮೊದಲು ಯಾವ ಗುಡಿಯದೆಂದು ಕೇಳಬೇಕು. ಉತ್ತರ ಬಾರದಿದ್ದರೆ ಸಂಶೋಧಕರಾಗಲಿ ಗ್ರಂಥಾಲಯವಾಗಲಿ ಅದನ್ನು ಮುಟ್ಟಬಾರದು. ಆದರೆ 1959ರ ಒಂದು ಹಂಡೆಗೆ ಯಾವ ಕಾನೂನಿನ ಆಸರೆಯೂ ಇಲ್ಲ.

ಆ ಹಂಡೆಯ ವಯಸ್ಸು 60 ವರ್ಷ ಇಳಿಯಿತೆಂದು ತಿಳಿದಾಗ ಮನೆಯವರಿಗೆ ನಿರಾಸೆಯಾದದ್ದು ಸಹಜ. ವ್ಯಾಪಾರಿ ಹೇಳಿದ್ದ ಬೆಲೆಯೂ ಇಳಿಯಿತು. ಮದುಮಗಳಾಗಿ ಆ ಹಂಡೆಯೊಡನೆ ಬಂದ ಅಜ್ಜಿ ಆಗ ಬದುಕಿದ್ದರು. ಮೊದಲ ಭೇಟಿಯಲ್ಲಿ ಅವರು ಒಳಗಿನ ಕೋಣೆಯಲ್ಲಿಯೇ ಇದ್ದರು, ನಾನು ಗಂಡಸರನ್ನಷ್ಟೇ ಕೇಳಿ ಹಿಂತಿರುಗಿದ್ದೆ. ಎರಡನೆಯ ಸಲ ಅವರನ್ನೇ ಕೇಳಿದೆ. ಹಂಡೆಯನ್ನು ಹುಬ್ಬಳ್ಳಿಯಲ್ಲಿ ಕೊಂಡದ್ದು, ಸೋದರಮಾವ ಚಕ್ಕಡಿಯಲ್ಲಿ ತಂದದ್ದು, ಹೆಸರು ಕೊರೆಯುವವನು ಅಕ್ಷರಕ್ಕೆ ಇಷ್ಟೆಂದು ಕಾಸು ಕೇಳಿದ್ದರಿಂದ ತವರೂರಿನ ಹೆಸರನ್ನು ಬಿಟ್ಟದ್ದು ಎಲ್ಲವನ್ನೂ ಹೇಳಿದರು. ಮನೆಯವರು ಮಾರಲಿಲ್ಲ. ನನ್ನ ಪಟ್ಟಿಯಲ್ಲಿ ಅದರ ನಮೂದು ಈಗ ಹೀಗಿದೆ: ತಾಮ್ರದ ಹಂಡೆ, ಕೈಬಡಿತ, ಹಲ್ಲು ಬೆಸುಗೆ, ಬರಹದಲ್ಲಿರುವ ತೂಕ 6 ಸೇರು, 80 ತೊಲೆಯ ಸೇರಿನ ಲೆಕ್ಕದಲ್ಲಿ ಸುಮಾರು 5 ಕಿಲೊ 600 ಗ್ರಾಂ, ಈಗ ತೂಗಿದಾಗ 5 ಕಿಲೊ 400 ಗ್ರಾಂ, ಕಾಲ 1959, ಆಧಾರ ಲಗ್ನಪತ್ರಿಕೆ ಮತ್ತು ಹಂಡೆಯ ಒಡತಿಯ ಹೇಳಿಕೆ, ಹಿಂದಿನ ನಮೂದು 1899, ತಪ್ಪು.